ಪರದೆಯ ಪಾಠಶಾಲೆಯೂ ಬೇಸಾಯದ ಶಿಕ್ಷಣವೂ

ಬೇಸಾಯವು ಕೇಳಿ ಕಲಿಯುವುದಕ್ಕಿಂತಲೂ ಕಂಡು ಕಲಿಯುವ ವಿದ್ಯೆಯೆಂಬುದನ್ನು ರೈತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಗನು ತಂದೆಯ ಹಿಂದೆ ನೇಗಿಲ ಸಾಲಿನಲ್ಲಿ ನಡೆದು ಉಳುವುದನ್ನು ಕಲಿತನು. ಸೊಸೆಯು ಅತ್ತೆಯ ಬಳಿ ಕುಳಿತು ಬಿತ್ತನೆಯ ಕಾಳನ್ನು ಬೂದಿಯಲ್ಲಿ ಬೆರಸಿಡುವುದನ್ನು ಕಲಿತಳು. ವ್ಯವಸಾಯದ ಇಲಾಖೆಯು ಹುಟ್ಟಿದ ಮೇಲೆಯೂ ಈ ಕ್ರಮವು ಬದಲಾಗಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ, 1910ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದರು. ಆದರೆ ಪುಸ್ತಕವನ್ನು ಓದಿದ ಮಾತ್ರಕ್ಕೆ ಔಷಧ ಹೊಡೆಯಲು ಹೊರಡುವ ತೋಟಗಾರರು ವಿರಳ. ನೆರೆಯ ತೋಟದಲ್ಲಿ ಔಷಧ ಬಿದ್ದ ಮರದ ಗೊನೆಯು ನಿಂತುದನ್ನೂ, ಬೀಳದ ಮರದ ಬುಡದಲ್ಲಿ ಕಾಯಿ ಉದುರಿ ಹಾಸಿದಂತಿರುವುದನ್ನೂ ಕಣ್ಣಾರೆ ಕಂಡ ಮೇಲೆಯೇ ಇಂತಹ ಉಪಾಯದಲ್ಲಿ ನಂಬಿಕೆ ಹುಟ್ಟುವುದು. ಇಲಾಖೆಯವರು ಪ್ರಾತ್ಯಕ್ಷಿಕೆಯೆಂದು ಕರೆಯುವುದು ಇದನ್ನೇ.

ಈ ಪದ್ಧತಿಗಿರುವ ದೊಡ್ಡ ಅಡ್ಡಿಯೆಂದರೆ ಕಾಲದ್ದು. ಕೊಳೆರೋಗದ ಔಷಧವನ್ನು ಮುಂಗಾರು ಹಿಡಿಯುವುದಕ್ಕೆ ಮೊದಲು ಹೊಡೆಯಬೇಕು. ಹೋಬಳಿಗೆ ಒಬ್ಬ ಅಧಿಕಾರಿಯಿದ್ದರೂ ಆತನು ಆ ಎರಡು ಮೂರು ವಾರಗಳಲ್ಲಿ ಎಷ್ಟು ಊರುಗಳನ್ನು ಸುತ್ತಲು ಸಾಧ್ಯ? ಒಂದೂರಿಗೆ ಜೂನ್ ಮೊದಲ ವಾರದಲ್ಲಿ ಬಂದ ಸಲಹೆಯು ಇನ್ನೊಂದೂರಿಗೆ ಜುಲೈ ತಿಂಗಳಲ್ಲಿ ಬಂದರೆ, ಎರಡನೆಯ ಊರಿಗೆ ಅದರಿಂದ ಆಗುವ ಪ್ರಯೋಜನವು ಅತ್ಯಲ್ಪ. ಹೀಗಿರಲಾಗಿ, ಒಬ್ಬನೇ ಉಪಾಧ್ಯಾಯನ ಪಾಠವನ್ನು ನೂರು ಊರುಗಳಿಗೆ ಒಂದೇ ದಿನ ಮುಟ್ಟಿಸಬಲ್ಲ ಯಾವ ಸಾಧನವಾದರೂ ವ್ಯವಸಾಯಗಾರರ ಗಮನಕ್ಕೆ ಅರ್ಹವೇ ಸರಿ. ಅಂತಹುದೊಂದು ಸಾಧನವು ಈಗ ಹೆಚ್ಚುಕಡಿಮೆ ಪ್ರತಿ ಗ್ರಾಮದಲ್ಲಿಯೂ ಇರುವುದು. ಅದನ್ನು ಪಾಠಕ್ಕೆ ಉಪಯೋಗಿಸುವ ಬಗೆಯಾದರೋ ಇನ್ನೂ ಅನೇಕರಿಗೆ ತಿಳಿದಿಲ್ಲ.

ಆನ್‌ಲೈನ್ ತರಗತಿ, ವರ್ಚುಯಲ್ ಪಾಠಶಾಲೆ ಎಂದು ಮುಂತಾಗಿ ಕರೆಯಲ್ಪಡುವ ಏರ್ಪಾಡು ಇದೇ. ಕಂಪ್ಯೂಟರಿನ ಅಥವಾ ಮೊಬೈಲ್ ಫೋನಿನ ಪರದೆಯ ಮೇಲೆ ಚಿತ್ರ ಓಡುವುದನ್ನು ನೋಡಿದ ಮಾತ್ರಕ್ಕೆ ಅದು ಪಾಠಶಾಲೆಯೆನಿಸದು. ಪಾಠಶಾಲೆಯಲ್ಲಿ ಹೇಗೆ ಪಾಠ, ಪ್ರಶ್ನೆ, ಪರೀಕ್ಷೆ, ಹಾಜರಿ ಪುಸ್ತಕ, ಹುಡುಗರು ತಮ್ಮೊಳಗೆ ಮಾತನಾಡಿಕೊಳ್ಳುವ ಅವಕಾಶ ಇವೆಲ್ಲವೂ ಇರುವುವೋ, ಹಾಗೆಯೇ ಈ ಏರ್ಪಾಡಿನಲ್ಲಿಯೂ ಅವೆಲ್ಲವೂ ಇರತಕ್ಕದ್ದು. ಪಾಠವನ್ನು ನೋಡುವುದಕ್ಕೆ ಒಂದು ಸ್ಥಳ, ಸಂಶಯವನ್ನು ಬರೆಯುವುದಕ್ಕೆ ಒಂದು ಸ್ಥಳ, ಕಲಿತುದನ್ನು ಪರೀಕ್ಷಿಸಿಕೊಳ್ಳುವುದಕ್ಕೆ ನಾಲ್ಕಾರು ಪ್ರಶ್ನೆಗಳು, ಯಾರು ಎಷ್ಟು ಪಾಠ ಮುಗಿಸಿದರೆಂಬ ಲೆಕ್ಕ ಇವಿಷ್ಟೂ ಒಟ್ಟುಗೂಡಿದರೆ ಅದು ಪರದೆಯ ಪಾಠಶಾಲೆ. ಇದರ ಮೂಲವು ಹೊಸದೇನೂ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರಿನ ಮೂಲಕ ಪಾಠ ಹೇಳುವ ‘ಪ್ಲೇಟೋ’ ಎಂಬ ಯಂತ್ರವ್ಯವಸ್ಥೆಯು 1960ರಲ್ಲಿಯೇ ಆರಂಭವಾಯಿತು. ಆಸ್ಟ್ರೇಲಿಯದ ಮಾರ್ಟಿನ್ ಡುಗಿಯಾಮಾಸ್ ಎಂಬವರು ಸಿದ್ಧಪಡಿಸಿ 2002ರಲ್ಲಿ ಹೊರತಂದ ‘ಮೂಡಲ್’ ಎಂಬುದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು ತಮ್ಮ ಪಾಠಶಾಲೆಯನ್ನು ಕಟ್ಟಿಕೊಳ್ಳಬಹುದು. ಭಾರತ ಸರ್ಕಾರದ ‘ಸ್ವಯಂ’ ಎಂಬ ಪಾಠಶಾಲೆಯು 2017ರ ಜುಲೈ 9ರಂದು ಪ್ರಾರಂಭವಾಯಿತು.

ಯಂತ್ರಗಳ ವಿಷಯವನ್ನು ಇಷ್ಟಕ್ಕೇ ಬಿಡಬಹುದು. ಗ್ರಾಮದ ಯಜಮಾನರಿಗೆ ಮುಖ್ಯವಾಗಿ ಬೇಕಾದುದು ಇಂತಹ ದೂರದ ಪಾಠಗಳಿಂದ ರೈತರಿಗೆ ನಿಜವಾಗಿ ಉಪಯೋಗವಾದುದುಂಟೇ, ಆದುದಾದರೆ ಯಾವ ನಿಬಂಧನೆಯ ಮೇಲೆ, ಎಂಬುದು. ಇದಕ್ಕೆ ಉತ್ತರವನ್ನು ಈ ದೇಶದಲ್ಲಿಯೇ ಹುಡುಕಬಹುದು.

1956ರಲ್ಲಿ ಆಕಾಶವಾಣಿಯವರು ಯುನೆಸ್ಕೋ ಸಂಸ್ಥೆಯ ನೆರವಿನಿಂದ, ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು, ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಗ್ರಾಮಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಪ್ರತಿ ಊರಿನಲ್ಲಿಯೂ ಸುಮಾರು 20 ಮಂದಿಯ ಒಂದು ಕೂಟ. ವಾರಕ್ಕೆರಡು ಸಲ, ಹತ್ತು ವಾರ, ಆ ಕೂಟದವರು ರೇಡಿಯೋ ಮುಂದೆ ಕಲೆತು ವ್ಯವಸಾಯ ಮೊದಲಾದ ವಿಷಯಗಳ ಪಾಠವನ್ನು ಕೇಳುವರು. ಕೇಳಿದ ಕೂಡಲೇ ಎದ್ದು ಹೋಗದೆ, ಅಲ್ಲಿಯೇ ಕುಳಿತು, ಅದು ತಮ್ಮ ಊರಿಗೆ ಒಪ್ಪುವುದೇ ಇಲ್ಲವೇ ಎಂದು ಚರ್ಚಿಸುವರು. ಸಂಶಯಗಳನ್ನು ಕೂಟದ ಮುಖ್ಯಸ್ಥನು ಕಾಗದದಲ್ಲಿ ಬರೆದು ಆಕಾಶವಾಣಿಗೆ ಕಳುಹಿಸುವನು. ಮುಂದಿನ ಪಾಠಗಳಲ್ಲಿ ಅವಕ್ಕೆ ಉತ್ತರ ದೊರೆಯುವುದು. ಹೋಲಿಸಿ ನೋಡುವುದಕ್ಕಾಗಿ ರೇಡಿಯೋ ಇದ್ದು ಕೂಟವಿಲ್ಲದ ಊರುಗಳನ್ನೂ, ರೇಡಿಯೋವೇ ಇಲ್ಲದ ಊರುಗಳನ್ನೂ ಆರಿಸಿಕೊಂಡಿದ್ದರು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಫಲಿತಾಂಶವನ್ನು ಪರಿಶೀಲಿಸಿದಾಗ, ಕೂಟವಿದ್ದ ಊರುಗಳಲ್ಲಿ ಜನರ ತಿಳಿವಳಿಕೆಯು ಬಹಳವಾಗಿ ಹೆಚ್ಚಿದ್ದಿತು. ಬರಿಯ ರೇಡಿಯೋ ಮಾತ್ರ ಇದ್ದ ಊರುಗಳಲ್ಲಿ ಹೆಚ್ಚಳವು ಸ್ವಲ್ಪವೇ. ಪೆಟ್ಟಿಗೆಯು ಎರಡು ಕಡೆಯೂ ಅದೇ, ಅದರಿಂದ ಹೊರಟ ಮಾತೂ ಅದೇ. ವ್ಯತ್ಯಾಸವೆಲ್ಲ ಅದರ ಮುಂದೆ ಕುಳಿತವರ ಕ್ರಮದಲ್ಲಿದ್ದಿತು. ಈ ಪ್ರಯೋಗದ ಮಾದರಿಯು ಕೆನಡಾ ದೇಶದ ರೈತರ ರೇಡಿಯೋ ಕೂಟಗಳಿಂದ ಬಂದುದು. ಅಲ್ಲಿ ಅವು 1941ರಲ್ಲಿ ಆರಂಭವಾಗಿದ್ದುವು.

ತರುವಾಯ 1967ರ ಜನವರಿ 26ರಂದು ದೆಹಲಿಯ ಸುತ್ತಣ 80 ಗ್ರಾಮಗಳಿಗಾಗಿ ‘ಕೃಷಿ ದರ್ಶನ’ವೆಂಬ ದೂರದರ್ಶನದ ಪಾಠಗಳು ಮೊದಲಾದುವು. ಕನ್ನಡ ನಾಡಿಗೆ ಈ ಭಾಗ್ಯವು ಬಂದುದು 1975ರ ಆಗಸ್ಟ್ 1ರಿಂದ. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನದ ಪಾಠಗಳನ್ನು ನೇರವಾಗಿ ಕಳುಹಿಸಲಾಯಿತು. ಅವುಗಳಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಗ್ರಾಮಗಳೂ ಸೇರಿದ್ದುವು. ಪಾಠಶಾಲೆಯ ಅಥವಾ ಪಂಚಾಯತಿಯ ಕಟ್ಟಡದ ಮೇಲೆ ಹತ್ತು ಅಡಿ ಅಗಲದ ತಂತಿಬಲೆಯ ಛತ್ರಿಯನ್ನು ನಿಲ್ಲಿಸಿ, ಸಾಯಂಕಾಲ ಊರಿನವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಕನ್ನಡದ ಪಾಠಗಳನ್ನು ನೋಡಿದರು. 1976ರ ಜುಲೈ 31ಕ್ಕೆ ಉಪಗ್ರಹದ ಅವಧಿಯು ಮುಗಿಯಿತು. ಆಕಾಶದಿಂದ ಬರುವ ಪಾಠವು ಎಷ್ಟೇ ಉತ್ತಮವಾಗಿರಲಿ, ಅದು ನಿಂತ ದಿನ ಊರಿನಲ್ಲಿ ಏನು ಉಳಿಯುವುದೆಂದು ಯಜಮಾನರಾದವರು ಮೊದಲೇ ಆಲೋಚಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೂರನೆಯದು ಇತ್ತೀಚಿನದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ 2006ರಲ್ಲಿ ‘ಡಿಜಿಟಲ್ ಗ್ರೀನ್’ ಎಂಬ ಪ್ರಯತ್ನವು ಹುಟ್ಟಿತು. ಇದರಲ್ಲಿ ಪರದೆಯ ಮೇಲೆ ಬರುವವರು ಪಂಡಿತರಲ್ಲ, ಆ ಸೀಮೆಯ ರೈತರೇ. ಅಜೋಲವನ್ನು ಬೆಳೆಸುವುದು, ಎರೆಗೊಬ್ಬರ ಮಾಡುವುದು ಮುಂತಾದ ಕೆಲಸಗಳನ್ನು ಅವರು ತಮ್ಮ ಹೊಲದಲ್ಲಿ ಮಾಡುತ್ತಿರುವಾಗಲೇ ಚಿತ್ರ ತೆಗೆದು, ನೆರೆಯ ಊರುಗಳಲ್ಲಿ ತೋರಿಸುವರು. ತೋರಿಸುವಾಗ ಆ ಊರಿನವನೇ ಆದ ಒಬ್ಬ ಮಧ್ಯಸ್ಥನು ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವನು. ಕರ್ನಾಟಕದ 16 ಗ್ರಾಮಗಳಲ್ಲಿ 13 ತಿಂಗಳು ನಡೆಸಿದ ಪರೀಕ್ಷೆಯ ವರದಿಯು 2009ರಲ್ಲಿ ಪ್ರಕಟವಾಯಿತು. ಅಧಿಕಾರಿಯು ಊರೂರು ತಿರುಗಿ ಹೇಳುವ ಹಳೆಯ ಕ್ರಮಕ್ಕಿಂತ ಇದರಿಂದ ಕೆಲವು ಬೇಸಾಯಕ್ರಮಗಳನ್ನು ಕೈಕೊಂಡವರ ಸಂಖ್ಯೆಯು ಆರೇಳು ಪಟ್ಟು ಹೆಚ್ಚಾಯಿತೆಂದೂ, ಅದೇ ಖರ್ಚಿನಲ್ಲಿ ಕನಿಷ್ಠಪಕ್ಷ ಹತ್ತು ಪಟ್ಟು ಫಲ ದೊರೆಯಿತೆಂದೂ ಅದರಿಂದ ತಿಳಿದು ಬರುವುದು. ಅದು ಕೆಲವೇ ಊರುಗಳಲ್ಲಿ, ಆಸಕ್ತಿಯುಳ್ಳ ಕೆಲಸಗಾರರ ಕೈಯಲ್ಲಿ ನಡೆದ ಪರೀಕ್ಷೆಯೆಂಬುದನ್ನೂ ಮರೆಯಬಾರದು. ಎಲ್ಲೆಡೆಯೂ ಇದೇ ಪ್ರಮಾಣದ ಫಲವನ್ನು ನಿರೀಕ್ಷಿಸುವುದು ಯುಕ್ತವಲ್ಲ. ಚಿತ್ರವನ್ನು ನೋಡಿದ ರೈತರು ಮೊದಲು ವಿಚಾರಿಸುತ್ತಿದ್ದುದು ಬೆಳೆಯನ್ನಲ್ಲ, ಪರದೆಯ ಮೇಲೆ ಕಂಡವನು ಯಾರು, ಯಾವ ಊರಿನವನು ಎಂಬುದನ್ನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಲ ಕೊಡುವವನು ಕೇಳುವುದೂ ಇದನ್ನೇ.

ಇದಕ್ಕೆ ವಿರುದ್ಧವಾದ ಇನ್ನೊಂದು ಲೆಕ್ಕವನ್ನೂ ನೋಡಬೇಕು. 2012ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ವಿದ್ಯುತ್ ಮಂಡಲಗಳ ವಿಷಯವಾಗಿ ಒಂದು ಪಾಠಕ್ರಮವನ್ನು ಪ್ರಪಂಚಕ್ಕೆಲ್ಲ ಉಚಿತವಾಗಿ ತೆರೆದರು. ಹೆಸರು ಬರೆಸಿದವರು 1,54,763 ಮಂದಿ. ಕೊನೆಯ ಪರೀಕ್ಷೆಯವರೆಗೂ ಬಂದು ಪ್ರಮಾಣಪತ್ರ ಪಡೆದವರು 7,157 ಮಂದಿ. ಅಂದರೆ ನೂರಕ್ಕೆ ಐವರೂ ಇಲ್ಲ. ಉಪಾಧ್ಯಾಯರು ಉತ್ತಮರು, ಪಾಠವು ಉತ್ತಮ, ಶುಲ್ಕವಿಲ್ಲ. ಆದಾಗ್ಯೂ ಒಬ್ಬಂಟಿಯಾಗಿ ಕುಳಿತು ಪರದೆಯನ್ನು ನೋಡುವವನು ನಡುವೆ ಎದ್ದು ಹೋಗುವುದೇ ಹೆಚ್ಚು. ಪುಣೆಯ ಕೂಟದ ಇಪ್ಪತ್ತು ಮಂದಿಯನ್ನೂ ಈ ನೂರಕ್ಕೆ ಐವರನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಗ್ರಾಮದಲ್ಲಿ ಯಾವ ಕ್ರಮವನ್ನು ಅನುಸರಿಸಬೇಕೆಂಬುದು ತಾನೇ ಹೊಳೆಯುವುದು.

ಆದುದರಿಂದ ಪರದೆಯ ಪಾಠವನ್ನು ಊರಿನಲ್ಲಿ ನಡೆಸುವುದು ಹೇಗೆಂಬುದನ್ನು ಮೇಲೆ ಹೇಳಿದ ಬೋರ್ಡೋ ದ್ರಾವಣದ ಪಾಠವನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸಲಾಗುವುದು. ಅಡಿಕೆಯಿಲ್ಲದ ಸೀಮೆಯವರು ಇದರ ಬದಲು ರಾಗಿಯ ಅಥವಾ ತೊಗರಿಯ ಬೀಜೋಪಚಾರವನ್ನು ಇಟ್ಟುಕೊಳ್ಳಬಹುದು, ಕ್ರಮವು ಒಂದೇ.

ಮೊದಲನೆಯದಾಗಿ, ಪಾಠವನ್ನು ನೋಡುವ ದಿನಕ್ಕಿಂತ ಮೊದಲೇ ಅದನ್ನು ಫೋನಿಗೋ ಕಂಪ್ಯೂಟರಿಗೋ ಇಳಿಸಿಟ್ಟುಕೊಳ್ಳಬೇಕು. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ವಿದ್ಯುತ್ತೂ ಸಿಗ್ನಲ್ಲೂ ಇರುವುದೆಂಬ ಭರವಸೆಯಿಲ್ಲ. ಇಪ್ಪತ್ತು ಮಂದಿಯನ್ನು ಕೂಡಿಸಿ ಪರದೆಯ ಮೇಲೆ ಚಕ್ರ ತಿರುಗುವುದನ್ನು ತೋರಿಸಿದರೆ ಅವರು ಮುಂದಿನ ಸಲ ಬರಲಾರರು. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ, ಅಂದರೆ ಈಗ ಅರಿವು ಕೇಂದ್ರವೆನಿಸಿಕೊಳ್ಳುವಲ್ಲಿ, ಟೆಲಿವಿಷನ್ ಇದ್ದರೆ ಅದೇ ಯೋಗ್ಯವಾದ ಸ್ಥಳ. ಅಂಗೈಯಗಲದ ಫೋನಿನಲ್ಲಿ ಇಬ್ಬರು ನೋಡಬಹುದೇ ಹೊರತು ಇಪ್ಪತ್ತು ಮಂದಿ ನೋಡಲಾಗದು.

ಮಧ್ಯಸ್ಥನಾಗಿ ಯಾರನ್ನು ಆರಿಸಬೇಕೆಂಬುದೇ ಇದರಲ್ಲಿ ಅತ್ಯಂತ ಮುಖ್ಯವಾದ ವಿಚಾರ. ಹೆಚ್ಚು ಓದಿದವನೇ ಆಗಬೇಕೆಂದಿಲ್ಲ. ತಾನು ಒಂದು ಸಲವಾದರೂ ಆ ಕೆಲಸವನ್ನು ಕೈಯಿಂದ ಮಾಡಿದವನಾಗಿರಬೇಕು. ಮತ್ತೊಬ್ಬರ ಮಾತನ್ನು ಕೇಳುವ ತಾಳ್ಮೆಯುಳ್ಳವನಾಗಿರಬೇಕು. ಊರಿನ ಯಜಮಾನರೇ ಮಧ್ಯಸ್ಥರಾಗಿ ಕುಳಿತರೆ ಕೆಲಸಗಾರರು ಬಾಯಿ ಬಿಡುವುದಿಲ್ಲವಾದುದರಿಂದ, ಅವರು ಜಾಗವನ್ನೂ ದೀಪವನ್ನೂ ಒದಗಿಸಿ, ಪ್ರಶ್ನೆ ಕೇಳುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಪಾಠದ ಮೊದಲ ಭಾಗವು ರೋಗದ ಗುರುತು. ತೊಟ್ಟಿನ ಬಳಿ ನೀರು ಹೀರಿದಂತೆ ಕಡುಹಸುರಾದ ಕಲೆ, ಕಾಯಿಯು ತನ್ನ ಹೊಳಪನ್ನು ಕಳೆದುಕೊಳ್ಳುವುದು, ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಇವನ್ನು ಪರದೆಯು ಬಹಳ ಚೆನ್ನಾಗಿ ತೋರಿಸಬಲ್ಲದು. ಪುಸ್ತಕದ ಚಿತ್ರಕ್ಕಿಂತಲೂ ಸ್ಫುಟವಾಗಿ ತೋರಿಸಬಲ್ಲದು. ಇಲ್ಲಿ ಚಿತ್ರವನ್ನು ನಿಲ್ಲಿಸಿ, ಕಳೆದ ವರ್ಷ ಇದು ಯಾರ ತೋಟದಲ್ಲಿ, ಯಾವ ತಿಂಗಳಲ್ಲಿ, ಯಾವ ಮಗ್ಗುಲಿನಲ್ಲಿ ಮೊದಲು ಕಂಡಿತೆಂದು ಕೇಳಬೇಕು. ಈ ಪ್ರಶ್ನೆಗೆ ದೊರೆಯುವ ಉತ್ತರಗಳು ಪರದೆಯಲ್ಲಿ ಎಂದಿಗೂ ಸಿಗತಕ್ಕವಲ್ಲ.

ಎರಡನೆಯ ಭಾಗವು ದ್ರಾವಣವನ್ನು ತಯಾರಿಸುವುದು. ನೂರಕ್ಕೆ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಬೇಕು. ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಇಳಿಬಿಟ್ಟರೆ ಬೇಗ ಕರಗುವುದು. ಬೇರೊಂದು ಪಾತ್ರೆಯಲ್ಲಿ 1 ಕಿಲೋ ಸುಟ್ಟ ಸುಣ್ಣವನ್ನು ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ, ತಣಿದ ಮೇಲೆ 50 ಲೀಟರಿಗೆ ಏರಿಸಿ, ಬಟ್ಟೆಯಲ್ಲಿ ಶೋಧಿಸಬೇಕು. ಕಬ್ಬಿಣದ ಮತ್ತು ತಗಡಿನ ಪಾತ್ರೆಗಳು ಕೂಡದು. ಮರದ, ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಗಳೇ ಆಗಬೇಕು. ತುತ್ತದ ನೀರನ್ನು ಸುಣ್ಣದ ತಿಳಿಗೆ ಮೆಲ್ಲನೆ ಹೊಯ್ಯುತ್ತಾ ಮರದ ಕೋಲಿನಿಂದ ಕಲಕುತ್ತಿರಬೇಕು. ಇವೆಲ್ಲವನ್ನೂ ಪರದೆಯಲ್ಲಿ ಕಂಡವರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುವುದು. ಇಲ್ಲಿ ಮತ್ತೊಮ್ಮೆ ನಿಲ್ಲಿಸಿ, 200 ಲೀಟರಿನ ಡ್ರಮ್ಮು ತುಂಬ ದ್ರಾವಣ ಬೇಕಾದರೆ ಯಾವುದು ಎಷ್ಟೆಷ್ಟು ಬೇಕೆಂದು ಕೇಳಬೇಕು. ಎರಡೆರಡು ಕಿಲೋ ಎಂಬ ಉತ್ತರವು ಎಲ್ಲರ ಬಾಯಿಂದಲೂ ಬರುವವರೆಗೆ ಪಾಠವನ್ನು ಮುಂದಕ್ಕೆ ಓಡಿಸಬಾರದು. ತೋಟಗಳಲ್ಲಿ ಔಷಧವು ಕೆಡುವುದು ಬಹುಮಟ್ಟಿಗೆ ಈ ಲೆಕ್ಕದಲ್ಲಿಯೇ.

ಮೂರನೆಯ ಭಾಗಕ್ಕೆ ಬಂದಾಗ ಪರದೆಯ ಸಾಮರ್ಥ್ಯವು ಮುಗಿಯುವುದು. ದ್ರಾವಣವು ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪಿಸಿದ ಚಾಕುವಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದರ್ಥ. ಮತ್ತಷ್ಟು ಸುಣ್ಣದ ತಿಳಿಯನ್ನು ಸೇರಿಸಿ ಮತ್ತೆ ಪರೀಕ್ಷಿಸಬೇಕು. ಹಾಗೆಯೇ ಸಿಂಪಡಿಸಿದರೆ ಎಲೆಯೂ ಎಳೆಯ ಕಾಯಿಯೂ ಸುಡುವುವು. ಪರದೆಯಲ್ಲಿ ಕಾಣುವ ಉಪಾಧ್ಯಾಯನ ಚಾಕುವಿಗೆ ಕೆಂಪು ಹತ್ತಲಿಲ್ಲವೆಂದರೆ ಆತನ ಸುಣ್ಣವು ಒಳ್ಳೆಯದೆಂದು ಮಾತ್ರ ತಿಳಿಯುವುದು. ಊರಿನ ಅಂಗಡಿಯಲ್ಲಿ ಎರಡು ತಿಂಗಳು ಗಾಳಿಗೆ ಬಿದ್ದು ಸತ್ವ ಕಳೆದುಕೊಂಡ ಸುಣ್ಣದ ಗುಣವನ್ನು ಯಾವ ಉಪಾಧ್ಯಾಯನೂ ದೂರದಿಂದ ಹೇಳಲಾರನು. ಆದಕಾರಣ ಪಾಠ ನಡೆಯುವ ಸ್ಥಳದಲ್ಲಿಯೇ ಒಂದು ಬಕೆಟ್ಟಿನಷ್ಟು, ಅಂದರೆ 100 ಗ್ರಾಮು ತುತ್ತ, 100 ಗ್ರಾಮು ಸುಣ್ಣ, 10 ಲೀಟರು ನೀರಿನ ಪ್ರಮಾಣದಲ್ಲಿ, ಊರಿನ ಸುಣ್ಣದಿಂದಲೇ ದ್ರಾವಣವನ್ನು ಮಾಡಿಸಿ, ಪ್ರತಿಯೊಬ್ಬನ ಕೈಗೂ ಚಾಕುವನ್ನು ಕೊಡಬೇಕು. ಖರ್ಚು ಅತ್ಯಲ್ಪ. ಇದನ್ನು ಬಿಟ್ಟರೆ ಇಡೀ ಪಾಠವು ನಾಟಕ ನೋಡಿದಂತಾಗುವುದು.

ಮೊದಲ ಸಿಂಪರಣೆಯನ್ನು ಮಳೆಗಾಲ ಹಿಡಿಯುವ ಮುಂಚೆಯೂ, ಎರಡನೆಯದನ್ನು 40 ಅಥವಾ 45 ದಿನಗಳ ಮೇಲೂ, ಮಳೆಯು ಬಿಡದಿದ್ದರೆ ಮೂರನೆಯದನ್ನೂ ಮಾಡಬೇಕೆಂಬುದನ್ನೂ, ತಯಾರಿಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕೆಂಬುದನ್ನೂ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿದರೆ ಸಾಕು. ಅದಕ್ಕೆ ಪರದೆಯ ಅಗತ್ಯವಿಲ್ಲ.

ಈಗ ಕೂಟಕ್ಕೆ ಯಾರನ್ನು ಕರೆಯಬೇಕೆಂಬ ವಿಚಾರ. ಜಮೀನುದಾರರು ಜಗಲಿಯ ಮೇಲೆ ಕುಳಿತು ತಮ್ಮ ಫೋನಿನಲ್ಲಿ ಪಾಠವನ್ನೆಲ್ಲ ನೋಡಿ ಮುಗಿಸಿ, ಆಳಿಗೆ ಎರಡು ಮಾತಿನಲ್ಲಿ ಅಪ್ಪಣೆ ಕೊಡುವ ವಾಡಿಕೆಯು ಈಗಾಗಲೇ ಬೇರೂರುತ್ತಿದೆ. ಅಡಿಕೆಯ ಮರವನ್ನು ಹತ್ತಿ ಗೊನೆಗೆ ಔಷಧ ಹೊಡೆಯುವವನು ಕೊನೆಗಾರನು. ಸುಣ್ಣವನ್ನು ಅರಳಿಸುವವನು ಆಳು. ಗದ್ದೆಯಲ್ಲಿ ಸಸಿಯ ಬೇರನ್ನು ಅದ್ದಿ ನೆಡುವವರು ಹೆಂಗಸರು. ಹಸುವಿನ ಕೆಚ್ಚಲು ಬಾವನ್ನು ಮೊದಲು ಕಾಣುವವಳು ಹಾಲು ಕರೆಯುವ ಹೆಣ್ಣುಮಗಳು. ಯಾರ ಕೈಯಲ್ಲಿ ಕೆಲಸವಿದೆಯೋ ಅವರ ಕಣ್ಣಿಗೆ ಪಾಠವು ಬೀಳದಿದ್ದರೆ ಅದು ಅರ್ಧ ದಾರಿಯಲ್ಲಿಯೇ ನಿಂತಂತೆ. ಅಪ್ಪಣೆಯ ಎರಡು ಮಾತಿನಲ್ಲಿ ಚಾಕುವಿನ ಪರೀಕ್ಷೆಯು ಎಂದೂ ಸೇರುವುದಿಲ್ಲ. ಔಷಧವು ವಿಷವಾಗಿದ್ದ ಪಕ್ಷದಲ್ಲಿ ಇದರಿಂದ ಬೆಳೆಗಾಗುವ ನಷ್ಟಕ್ಕಿಂತ ಆಳಿನ ಮೈಗಾಗುವ ಅಪಾಯವು ದೊಡ್ಡದು. ಔಷಧದ ಡಬ್ಬಿಯ ಮೇಲಿನ ಚೌಕದ ಕೆಳಭಾಗದಲ್ಲಿರುವ ತ್ರಿಕೋನವು ಕೆಂಪಾದರೆ ಅತಿ ಘೋರವಾದ ವಿಷ, ಹಳದಿಯಾದರೆ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿಯಾದರೆ ಮಧ್ಯಮ, ಹಸುರಾದರೆ ಅಲ್ಪವೆಂಬುದನ್ನು ಓದಲು ಬಾರದವನೂ ಬಣ್ಣದಿಂದಲೇ ತಿಳಿಯಬಹುದಾಗಿದೆ. ಆದರೆ ಹಾಗೆಂದು ಅವನಿಗೆ ಯಾರಾದರೂ ಒಮ್ಮೆ ತೋರಿಸಿರಬೇಕಷ್ಟೆ. ಪಾಠದ ಅರ್ಧ ದಿನಕ್ಕೆ ಆಳಿನ ಕೂಲಿಯನ್ನು ಹಿಡಿಯದಿರುವುದು ಜಮೀನುದಾರರಿಗೇ ಲಾಭ.

ಫೋನು ಮನೆಯಲ್ಲಿದ್ದ ಮಾತ್ರಕ್ಕೆ ಮನೆಯವರೆಲ್ಲರಿಗೂ ಅದು ಸಿಕ್ಕುವುದೆಂದು ಎಣಿಸುವುದು ತಪ್ಪು. ‘ಅಸರ್’ ಎಂಬ ಹೆಸರಿನ ಶಿಕ್ಷಣದ ಸಮೀಕ್ಷೆಯ ಪ್ರಕಾರ, ಭಾರತದ ಗ್ರಾಮಾಂತರದಲ್ಲಿ ಶಾಲೆಗೆ ಸೇರಿದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ನೂರಕ್ಕೆ 36.5, 2021ರಲ್ಲಿ ನೂರಕ್ಕೆ 67.6. ಹೀಗೆ ಮೂರೇ ವರ್ಷಗಳಲ್ಲಿ ಬಹಳ ಹೆಚ್ಚಿದರೂ, ಮನೆಯಲ್ಲಿ ಫೋನಿದ್ದ ಮಕ್ಕಳಲ್ಲಿಯೇ ನೂರಕ್ಕೆ 26.1 ಮಂದಿಗೆ ಅದು ಕೈಗೆ ದೊರೆಯುತ್ತಿರಲಿಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ರೋಗದ ಕಾರಣ ಶಾಲೆಗಳು ಮುಚ್ಚಿದಾಗ ಕರ್ನಾಟಕದಲ್ಲಿ ನಡೆದುದೂ ಇದನ್ನೇ ಸೂಚಿಸುವುದು. ಆ ವರ್ಷದ ಜುಲೈಯಿಂದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದುವು. ಅಷ್ಟರಿಂದಲೇ ಸಾಲದೆ, ಉಪಾಧ್ಯಾಯರು ತಾವೇ ಊರುಗಳಿಗೆ ಹೋಗಿ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂಡಿಸಿ ಕಲಿಸುವ ‘ವಿದ್ಯಾಗಮ’ವೆಂಬ ಏರ್ಪಾಡನ್ನು ಆಗಸ್ಟಿನಲ್ಲಿ ಮಾಡಬೇಕಾಯಿತು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತೆಂಬುದು ಬೇರೆಯ ಮಾತು. ಜನರು ಒಟ್ಟಿಗೆ ಕುಳಿತುಕೊಳ್ಳಲಾಗದ ಕಾಲದಲ್ಲಿಯೂ ಪರದೆಯೊಂದನ್ನೇ ನಂಬಿ ಪಾಠ ನಡೆಸಲಾಗಲಿಲ್ಲ. ಒಟ್ಟಿಗೆ ಕುಳಿತುಕೊಳ್ಳಬಹುದಾದ ಈ ಕಾಲದಲ್ಲಿ ಹೆಂಗಸರಿಗಾಗಿ ಪ್ರತ್ಯೇಕವಾದ ಒಂದು ಹೊತ್ತನ್ನು, ಅವರ ಮನೆಗೆಲಸ ಮುಗಿಯುವ ಮಧ್ಯಾಹ್ನದ ವೇಳೆಯಲ್ಲಿ, ಗೊತ್ತುಮಾಡುವುದು ಯಾವ ಊರಿನ ಯಜಮಾನರಿಗೂ ಅಸಾಧ್ಯವಲ್ಲ. ಸ್ವಸಹಾಯ ಸಂಘಗಳಿರುವ ಊರುಗಳಲ್ಲಿ ಇದು ಇನ್ನೂ ಸುಲಭ.

ಸುಳ್ಳು ಪಾಠಗಳ ವಿಷಯದಲ್ಲಿ ಎಚ್ಚರವಿರಬೇಕು. ಮುದ್ರಿತವಾದ ಪತ್ರಿಕೆಯೊಂದು ಹೊರಬೀಳುವುದಕ್ಕೆ ಮೊದಲು ನಾಲ್ವರಾದರೂ ಅದನ್ನು ಓದಿರುವರು. ಫೋನಿನಲ್ಲಿ ಬರುವ ಚಿತ್ರಗಳಿಗೆ ಅಂತಹ ಸೋಸುವಿಕೆಯಿಲ್ಲ. ಗೊಬ್ಬರವನ್ನೋ ಔಷಧವನ್ನೋ ಮಾರಲೆಳಸುವವನು ತಾನೇ ಉಪಾಧ್ಯಾಯನ ವೇಷವನ್ನು ತೊಟ್ಟು, ಒಂದು ಬಾಟಲಿಯಿಂದ ಎಕರೆಗೆ ಇಮ್ಮಡಿ ಬೆಳೆಯೆಂದು ಹೇಳಿದರೂ ತಡೆಯುವವರಿಲ್ಲ. ಇಂತಹ ಪಾಠವನ್ನು ನೋಡಿದಾಗ ಹೇಳುವವನು ಯಾರು, ಯಾವ ಸಂಸ್ಥೆಯವನು, ಪಾಠದ ಕೊನೆಯಲ್ಲಿ ಏನನ್ನಾದರೂ ಕೊಳ್ಳೆಂದು ಹೇಳುವನೇ ಎಂಬುದನ್ನು ಮೊದಲು ನೋಡಬೇಕು. ಸದುದ್ದೇಶದ ಪಾಠವೂ ತಪ್ಪುದಾರಿಗೆ ಎಳೆಯಬಹುದು. ಪಂಜಾಬಿನ ಗೋಧಿಗೆ ಹೇಳಿದ ಗೊಬ್ಬರದ ಪ್ರಮಾಣವು ಧಾರವಾಡದ ಎರೆಯ ಹೊಲದ ಗೋಧಿಗೆ ಸಲ್ಲದು. ಕರಾವಳಿಯ ಅಡಿಕೆಗೆ ಹೇಳಿದುದು ಚಿತ್ರದುರ್ಗದ ಕೊಳವೆಬಾವಿಯ ಅಡಿಕೆಗೆ ಸಲ್ಲದು. ಔಷಧದ ಪ್ರಮಾಣದಲ್ಲಿ ಪರದೆಯ ಮಾತಿಗೂ ಡಬ್ಬಿಯ ಚೀಟಿಗೂ ಭೇದವಿದ್ದರೆ ಚೀಟಿಯಲ್ಲಿದ್ದುದನ್ನೇ ಹಿಡಿದು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವವರೆಗೆ ಡಬ್ಬಿಯನ್ನು ತೆರೆಯದಿರುವುದು ಕ್ಷೇಮ. ವ್ಯವಸಾಯ ವಿಶ್ವವಿದ್ಯಾನಿಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಸ್ವಂತ ಹೆಸರಿನಲ್ಲಿ ಹೊರಡಿಸಿದ ಕನ್ನಡದ ಪಾಠಗಳಿರುವಾಗ ಹೆಸರಿಲ್ಲದವರ ಪಾಠವನ್ನು ಹುಡುಕಿಕೊಂಡು ಹೋಗಬೇಕಾದುದೂ ಇಲ್ಲ.

ದೂರದ ಪಾಠದಲ್ಲಿ ಕೇಳುವವನೂ ಮಾತನಾಡಬಹುದೆಂಬುದೇ ಅದರ ವಿಶೇಷ ಗುಣ. 2004ರ ಜನವರಿ 21ರಂದು ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಎಂಬ ಸಂಖ್ಯೆಯಲ್ಲಿ ಬೆಳಗಿನ 6ರಿಂದ ರಾತ್ರಿ 10 ಘಂಟೆಯವರೆಗೆ ಹಣವಿಲ್ಲದೆ ಮಾತನಾಡಿ, ಕನ್ನಡದಲ್ಲಿಯೇ ಉತ್ತರವನ್ನು ಪಡೆಯಬಹುದು. ಆದರೆ ಉತ್ತರದ ಗುಣವು ಪ್ರಶ್ನೆಯ ಗುಣವನ್ನು ಮೀರಲಾರದು. ‘ತೊಗರಿ ಒಣಗುತ್ತಿದೆ, ಏನು ಹೊಡೆಯಬೇಕು’ ಎಂದು ಕೇಳಿದರೆ ಯಾವ ಪಂಡಿತನೂ ಸರಿಯಾದ ಉತ್ತರವನ್ನು ಕೊಡಲಾರನು. ಯಾವ ತಳಿ, ಎಂದು ಬಿತ್ತಿದುದು, ಹಿಂದಿನ ಬೆಳೆ ಯಾವುದು, ಕಡೆಯ ಮಳೆ ಎಂದು ಬಿದ್ದಿತು, ಹೊಲದಲ್ಲೆಲ್ಲ ಒಣಗಿದೆಯೇ ಅಥವಾ ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರವೇ, ಈ ಮೊದಲು ಏನನ್ನು ಹೊಡೆದಿದೆ ಎಂಬಿವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತನಾಡಬೇಕು. ಅಧಿಕಾರಿಗೆ ಫೋನಿನಲ್ಲಿ ಚಿತ್ರ ಕಳುಹಿಸುವವರು ಕೆಟ್ಟ ಎಲೆಯೊಂದನ್ನೇ ಹತ್ತಿರದಿಂದ ತೆಗೆದು ಕಳುಹಿಸುವುದುಂಟು. ಅದು ಸಾಲದು. ಹೊಲದ ನೋಟ ಒಂದು, ಇಡೀ ಗಿಡ ಒಂದು, ಎಲೆಯ ಮೇಲ್ಮೈ, ಎಲೆಯ ಅಡಿ, ಬುಡವನ್ನು ಸೀಳಿದ ಕಾಂಡ ಒಂದು, ಪಕ್ಕದಲ್ಲಿ ಆರೋಗ್ಯವಾದ ಗಿಡ ಒಂದು, ಹೀಗೆ ಹಗಲಿನ ಬೆಳಕಿನಲ್ಲಿ ತೆಗೆದು ಕಳುಹಿಸಿದರೆ ಅಧಿಕಾರಿಯು ಹೊಲಕ್ಕೆ ಬಂದಂತೆಯೇ ಸರಿ. ತೊಗರಿಯ ಕಾಂಡವನ್ನು ಸೀಳಿದಾಗ ಒಳಗೆ ಕಂದುಬಣ್ಣದ ಗೆರೆಯು ಕಂಡರೆ ಅದು ಸೊರಗು ರೋಗದ ಲಕ್ಷಣ. ಆ ರೋಗಕ್ಕೆ ಎಲೆಯ ಮೇಲೆ ಯಾವ ಔಷಧವನ್ನು ಹೊಡೆದರೂ ಹಣ ಹಾಳೇ ಹೊರತು ಗಿಡವು ಏಳದು. ಇಂತಹ ಒಂದು ಚಿತ್ರದಿಂದ ಒಂದು ಸಂಸಾರದ ಔಷಧದ ಸಾಲವು ಉಳಿಯಬಹುದು.

ಕೂಟವನ್ನು ಆರಂಭಿಸಲೆಳಸುವ ಊರುಗಳು ವರ್ಷಕ್ಕೆ ಆರು ಪಾಠಗಳಿಗಿಂತ ಹೆಚ್ಚನ್ನು ಮೊದಲಿಗೆ ಹಾಕಿಕೊಳ್ಳಬಾರದು. ಪಾಠವು ಕೆಲಸಕ್ಕಿಂತ ಎರಡು ವಾರ ಮುಂದಿದ್ದರೆ ಸಾಮಾನುಗಳನ್ನು ತರಿಸಿಕೊಳ್ಳಲು ಕಾಲ ಸಿಕ್ಕುವುದು. ಎರಡು ತಿಂಗಳು ಮುಂದಿದ್ದರೆ ಮರೆತು ಹೋಗುವುದು. ಮಣ್ಣಿನ ಮಾದರಿಯನ್ನು ತೆಗೆಯುವ ಪಾಠವನ್ನು ಬೇಸಗೆಯ ಬಿಡುವಿನಲ್ಲಿಯೂ, ಬೀಜೋಪಚಾರ ಮತ್ತು ಬೋರ್ಡೋ ದ್ರಾವಣದ ಪಾಠಗಳನ್ನು ಮೇ ತಿಂಗಳ ಮೊದಲ ಅರ್ಧದಲ್ಲಿಯೂ, ಹಿಂಗಾರಿನ ಕಡಲೆ ಮತ್ತು ಜೋಳದ ಪಾಠವನ್ನು ಆಗಸ್ಟಿನ ಕೊನೆಯಲ್ಲಿಯೂ, ಕಾಳನ್ನು ಹುಳು ಹಿಡಿಯದಂತೆ ಇಡುವ ಪಾಠವನ್ನು ಸುಗ್ಗಿಗೆ ಮುಂಚೆಯೂ ಇಟ್ಟುಕೊಳ್ಳಬಹುದು. ಪ್ರತಿ ಪಾಠಕ್ಕೂ ಬಂದವರ ಹೆಸರನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು, ಅದರ ಎದುರಿಗೆ ಒಂದು ಅಂಕಣವನ್ನು ಖಾಲಿ ಬಿಟ್ಟಿರಬೇಕು. ಒಂದು ತಿಂಗಳಾದ ಮೇಲೆ ಮಧ್ಯಸ್ಥನು ಅವರವರ ಹೊಲಕ್ಕೆ ಹೋಗಿ, ಪಾಠದಂತೆ ಮಾಡಿರುವರೇ, ಮಾಡದಿದ್ದರೆ ಕಾರಣವೇನು ಎಂಬುದನ್ನು ಆ ಅಂಕಣದಲ್ಲಿ ಬರೆಯಬೇಕು. ಸುಣ್ಣ ದೊರೆಯಲಿಲ್ಲ, ಕೊನೆಗಾರ ಸಿಕ್ಕಲಿಲ್ಲ, ಕೈಯಲ್ಲಿ ಹಣವಿರಲಿಲ್ಲ ಎಂಬಂತಹ ಕಾರಣಗಳನ್ನು ಯಾರನ್ನೂ ಆಕ್ಷೇಪಿಸದೆ ಇದ್ದುದಿದ್ದಂತೆ ಬರೆದು, ಆ ಪುಸ್ತಕವನ್ನು ಹೋಬಳಿಯ ಅಧಿಕಾರಿಗೆ ತೋರಿಸಿದರೆ, ಮುಂದಿನ ಪಾಠದಲ್ಲಿ ಏನನ್ನು ಹೇಳಬೇಕೆಂಬುದೂ, ಪಾಠಕ್ಕಿಂತ ಮೊದಲು ಊರಿಗೆ ಏನನ್ನು ಒದಗಿಸಬೇಕೆಂಬುದೂ ಆತನಿಗೆ ಗೊತ್ತಾಗುವುದು.